ಪೀಠದ ಹಿಂದಿನ ಗೋಡೆ

ಕೇಳುಗರಿಗೆಲ್ಲ ನಮಸ್ಕಾರ.

ಮಗಳ ಬಾಣಂತನಕ್ಕೋ ಮಗನ ಗೃಹಪ್ರವೇಶಕ್ಕೋ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬಂದ ಹಿರಿಯರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏನು ನೋಡಿದಿರಿ ಅಂದರೆ ಎಲ್ಲರದೂ ಒಂದೇ ಉತ್ತರ: ಆ ಕೆಂಪು ಸೇತುವೆ. ಸೇತುವೆ ಎಲ್ಲಿಗೂ ಓಡಿಹೋಗುವುದಿಲ್ಲ ಸ್ವಾಮಿ. ಮುಂದಿನ ಸಲ ಡೊಲೊರೆಸ್ ಬೀದಿಗೆ ಹೋಗಿ. ಅಲ್ಲೊಂದು ಬಿಳಿ ಚರ್ಚಿದೆ, ಮಿಷನ್ ಡೊಲೊರೆಸ್ ಅಂತ; ಮಿಷನ್ ಅಂದರೆ ಸ್ಪೇನಿನ ಪಾದ್ರಿಗಳು ಮತಪ್ರಚಾರಕ್ಕೆ ಹೂಡಿದ ನೆಲೆ. ಊರಿನಲ್ಲಿ ಈ ಚರ್ಚಿಗಿಂತ ಹಳೆಯ ಕಟ್ಟಡ ಇನ್ನೊಂದಿಲ್ಲ. ಸುಡದ ಮಣ್ಣಿಟ್ಟಿಗೆಯ ಗೋಡೆ, ನಾಲ್ಕು ಅಡಿ ದಪ್ಪ.

1776ರ ಜೂನ್ 29, ಅಮೆರಿಕ ಸ್ವಾತಂತ್ರ್ಯ ಸಾರುವುದಕ್ಕೆ ಐದೇ ದಿನ ಮೊದಲು, ಪಲೋ ಎಂಬ ಸ್ಪೇನಿನ ಪಾದ್ರಿ ಅಲ್ಲಿ ಮೊದಲ ಬಲಿಪೂಜೆ, ಅಂದರೆ ಕ್ರೈಸ್ತರ ಪ್ರಾರ್ಥನಾವಿಧಿ, ಮಾಡಿದ. ಈಗಿರುವ ಚರ್ಚು ಮುಗಿದದ್ದು 1791ರಲ್ಲಿ. ಸ್ಪೇನಿನವರು ಕಟ್ಟಿದರು ಅನ್ನುತ್ತಾರೆ. ಅದೇ ನನಗೆ ಸಿಟ್ಟು. ಮಣ್ಣು ತುಳಿದವರು, ಇಟ್ಟಿಗೆ ಹೊತ್ತವರು ಆ ನೆಲದ ಓಲೋನಿ ಜನ. ಒಮ್ಮೆ ಜ್ಞಾನಸ್ನಾನ ಪಡೆದು ಕ್ರೈಸ್ತರಾದರೆ ಮನಸ್ಸು ಬಂದಾಗ ಬಿಟ್ಟುಹೋಗುವ ಹಾಗಿರಲಿಲ್ಲ. ಓಡಿದವರನ್ನು ಸಿಪಾಯಿಗಳು ಹಿಡಿದು ತರುತ್ತಿದ್ದರು.

ಒಳಗೆ ಹೋದವರು ತಲೆ ಎತ್ತಿ ನೋಡಬೇಕು. ಚಾವಣಿಯ ತುಂಬ ಕೆಂಪು, ಹಳದಿ, ಬಿಳಿ, ಬೂದು ಬಣ್ಣದ ಅಂಕುಡೊಂಕು ಪಟ್ಟಿಗಳು. ಅದು ಓಲೋನಿ ಹೆಂಗಸರು ಹೆಣೆಯುತ್ತಿದ್ದ ಬುಟ್ಟಿಯ ವಿನ್ಯಾಸ. ಕಟ್ಟಿದವರು ಯಾರು? ಚಾವಣಿಯನ್ನೇ ಕೇಳಿ!

ಈಗ ನನ್ನ ಮೆಚ್ಚಿನ ಕತೆ. ಬಲಿಪೀಠದ ಹಿಂದಿನ ಗೋಡೆಯ ಮೇಲೆ ಈ ಜನ ಒಂದು ದೊಡ್ಡ ಚಿತ್ರ ಬರೆದಿದ್ದರು. 1796ರಲ್ಲಿ ಮೆಕ್ಸಿಕೋದಿಂದ ಕೆತ್ತನೆಯ ಭಾರೀ ಮರದ ಹಿನ್ನೆಲೆ ಬಂತು, ಅದನ್ನು ಚಿತ್ರದ ಮುಂದೆಯೇ ನಿಲ್ಲಿಸಿದರು. ಬಣ್ಣ ಆರಿ ನಾಲ್ಕೈದು ವರ್ಷವೂ ಆಗಿರಲಿಲ್ಲ, ಚಿತ್ರ ಕತ್ತಲೆಗೆ ಸೇರಿತು. ಮುಂದೆ ಇನ್ನೂರು ವರ್ಷ ಕತ್ತಲೆಯೇ. 2004ರಲ್ಲಿ ಒಬ್ಬ ಕಲಾವಿದ, ಒಬ್ಬ ಪುರಾತತ್ವಜ್ಞ, ಇಬ್ಬರೂ ಅಟ್ಟ ಹತ್ತಿದರು. ಅಟ್ಟದಲ್ಲೊಂದು ಕಿಂಡಿ. ಮರಕ್ಕೂ ಗೋಡೆಗೂ ನಡುವೆ ಇಕ್ಕಟ್ಟಾದ ಸಂದು. ನಮ್ಮಲ್ಲಿ ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಇಳಿಸುತ್ತಿದ್ದರಲ್ಲ, ಹಾಗೆ ಕ್ಯಾಮರಾವನ್ನೂ ದೀಪವನ್ನೂ ಕೆಳಗೆ ಇಳಿಬಿಟ್ಟು, ಗೋಡೆಯನ್ನು ತುಂಡುತುಂಡಾಗಿ ಸೆರೆಹಿಡಿದು, ಆ ಚೂರುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿದರು. ಕತ್ತಿ ನಾಟಿದ ಹೃದಯ ಕಂಡಿತು, ಸುತ್ತ ಸುರುಳಿ ಬಳ್ಳಿಗಳು. ವಿಷಯ ಕ್ರೈಸ್ತರದ್ದು, ಕೈ ಓಲೋನಿಯದು. ಕೆಂಪು ಇನ್ನೂ ಕೆಂಪಾಗಿಯೇ ಇತ್ತು! ಇದನ್ನು ಹೇಳುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ, ಕ್ಷಮಿಸಿ.

ಗಾಜಿನಾಚೆ ಕೈ ತೋರಿಸುತ್ತಿದ್ದಾರೆ, ಸಮಯ ಕಡಿಮೆ. ಉಳಿದದ್ದನ್ನು ಓಡೋಡಿ ಹೇಳುತ್ತೇನೆ. 1806ರಲ್ಲಿ ದಡಾರ ಬಂದು ಮಿಷನ್‌ನ ಜನ ಸಾಲುಸಾಲಾಗಿ ಸತ್ತರು. 1834ರಲ್ಲಿ, ಆಗ ಆ ನೆಲವನ್ನು ಆಳುತ್ತಿದ್ದ ಮೆಕ್ಸಿಕೋ ಸರ್ಕಾರ ಮಿಷನ್‌ನ ಆಸ್ತಿ ಕಿತ್ತುಕೊಂಡಿತು. ಜಮೀನು ಓಲೋನಿಗಳಿಗೆ ಸಿಗಲಿಲ್ಲ ಅಂತ ಬೇರೆ ಹೇಳಬೇಕಿಲ್ಲ. ಆಮೇಲೆ ಚಿನ್ನದ ಹುಚ್ಚು. ಪೇಟೆಯಿಂದ ಮಿಷನ್‌ವರೆಗೆ ಹಲಗೆ ಹಾಸಿದ ರಸ್ತೆ ಬಂತು, ಅದರ ಹಿಂದೆಯೇ ಕುದುರೆ ಜೂಜು, ಹೆಂಡದಂಗಡಿ. 1906ರ ಭೂಕಂಪದಲ್ಲಿ ಪಕ್ಕದ ಇಟ್ಟಿಗೆ ಚರ್ಚು ಕೆಟ್ಟುಹೋಯಿತು, ಮಣ್ಣಿನದು ನಿಂತಿತು. ಸುತ್ತಲ ಬಡಾವಣೆಯಲ್ಲಿ ಐರಿಷರು, ಜರ್ಮನರು, ಅವರ ನಂತರ ಮೆಕ್ಸಿಕೋ, ಮಧ್ಯ ಅಮೆರಿಕದವರು ನೆಲೆಸಿದರು. ಈಗ ಕಂಪ್ಯೂಟರ್ ಸಂಬಳದವರು ಬಂದು ಬಾಡಿಗೆ ಆಕಾಶಕ್ಕೇರಿದೆ. ಅವರಲ್ಲಿ ನಮ್ಮ ಮಕ್ಕಳೂ ಇದ್ದಾರು.

ಚರ್ಚಿನ ಪಕ್ಕದ ಸ್ಮಶಾನಕ್ಕೂ ಹೋಗಿ. ಸಮಾಧಿ ಕಲ್ಲುಗಳ ಮೇಲೆ ಐರಿಷ್ ಹೆಸರು, ಸ್ಪ್ಯಾನಿಷ್ ಹೆಸರು. ಅದೇ ಮಿಷನ್‌ನ ಮಣ್ಣಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಮೂಲನಿವಾಸಿಗಳಿದ್ದಾರೆ, ಬಹುತೇಕರಿಗೆ ಕಲ್ಲೂ ಇಲ್ಲ. ಚಾವಣಿ ನೋಡುವುದನ್ನು ಮಾತ್ರ ಮರೆಯಬೇಡಿ. ನಮಸ್ಕಾರ.