ಮಾರಿಷಸ್‌ನ ಚೀನೀ ಅಂಗಡಿ: ಉದ್ರಿ ಪುಸ್ತಕ ಹೇಗೆ ನಡೀತಿತ್ತು, ಯಾಕೆ ನಿಂತಿತು?

[ದೃಶ್ಯ: ಮರದ ಗಲ್ಲಾ, ಅದರ ಮೇಲೆ ಮೂಲೆ ಮಡಚಿದ ಸಣ್ಣ ನೋಟ್‌ಬುಕ್]

ಈ ಪುಸ್ತಕಕ್ಕೆ ಮಾರಿಷಸ್‌ನ ಕ್ರಿಯೋಲ್ ಭಾಷೆಯಲ್ಲಿ ‘ಕಾರ್ನೆ’ ಅಂತಾರೆ. ನಾವು ಉದ್ರಿ ಪುಸ್ತಕ ಅಂತೀವಲ್ಲ, ಅದೇ. ಅಕ್ಕಿ, ಬೇಳೆ, ಎಣ್ಣೆ, ಉಪ್ಪುಮೀನು, ಸೋಪು ಎಲ್ಲ ಇದರಲ್ಲಿ ಬರೆದಿಡ್ತಿದ್ರು. ಊರೂರಲ್ಲೂ ಇದ್ದ ಆ ಅಂಗಡಿಯ ಹೆಸರು ‘ಲಾಬುತಿಕ್ ಸಿನ್ವಾ’, ಚೀನೀ ಅಂಗಡಿ. ಚೀನಾದಿಂದ ಬಂದವರು ಈ ದ್ವೀಪದಲ್ಲಿ ಹೇಗೆ ಬೇರೂರಿದ್ರು, ಆಮೇಲೆ ಹೇಗೆ ಬದಲಾದ್ರು ಅನ್ನೋದು ಈ ಪುಸ್ತಕದಿಂದ ಚೆನ್ನಾಗಿ ಅರ್ಥ ಆಗುತ್ತೆ.

ಮೊದಲು ಗಿರಾಕಿಗಳು ಯಾರು ಅಂತ ನೋಡೋಣ. 1835ರಲ್ಲಿ ಮಾರಿಷಸ್‌ನಲ್ಲಿ ಗುಲಾಮಗಿರಿ ರದ್ದಾಯ್ತು. ಕಬ್ಬಿನ ತೋಟಗಳಿಗೆ ಆಳು ಬೇಕಾಗಿ ಬ್ರಿಟಿಷರು ಭಾರತದಿಂದ ಕರಾರಿನ ಮೇಲೆ ಲಕ್ಷಾಂತರ ಕೂಲಿಗಳನ್ನು ಕರೆತಂದ್ರು. ಭೋಜಪುರಿ, ತಮಿಳು, ತೆಲುಗು, ಮರಾಠಿ ಮಾತಾಡೋ ಜನ. ಇವರು ಕಬ್ಬು ಕಡಿದ್ರು. ಇವರಿಗೆ ಅಕ್ಕಿ ಮಾರಿದವರು ಚೀನೀಯರು. ರಾಜಧಾನಿ ಪೋರ್ಟ್ ಲೂಯಿಯ ಲೆ ಸಾಲೀನ್‌ನಲ್ಲಿರೋ ಕ್ವಾನ್ ತೀ ಪಗೋಡ, ಅಂದ್ರೆ ಚೀನೀ ಗುಡಿ, 1842ರದ್ದು. ಚೀನೀಯರು ಎಷ್ಟು ಮುಂಚೆ ಬಂದಿದ್ರು ಅನ್ನೋದಕ್ಕೆ ಅದೇ ಸಾಕ್ಷಿ. 19ನೇ ಶತಮಾನದ ಕೊನೆಕೊನೆಗೆ ಗ್ವಾಂಗ್‌ಡಾಂಗ್ ಪ್ರಾಂತ್ಯದ ಮೇಷಿಯಾನ್ ಕಡೆಯಿಂದ ತಮ್ಮದೇ ಭಾಷೆ ಇರೋ ಹಕ್ಕಾ ಅನ್ನೋ ಚೀನೀ ಸಮುದಾಯದ ಜನ ಬರೋಕೆ ಶುರು ಮಾಡಿದ್ರು. ಇವತ್ತಿನ ಮಾರಿಷಸ್ ಚೀನೀಯರಲ್ಲಿ ಅವರೇ ಹೆಚ್ಚು.

[ದೃಶ್ಯ: ಕಬ್ಬಿನ ಗದ್ದೆ, ಪಕ್ಕದಲ್ಲಿ ಹನ್ನೆರಡು ತಿಂಗಳ ಪಟ್ಟಿ]

ಈಗ ಲೆಕ್ಕಕ್ಕೆ ಬರೋಣ. ಮಾರಿಷಸ್‌ನಲ್ಲಿ ಕಬ್ಬಿನ ಕಟಾವು ಜೂನ್‌ನಿಂದ ಹೆಚ್ಚುಕಮ್ಮಿ ಡಿಸೆಂಬರ್‌ವರೆಗೆ. ಆಗ ಕೆಲಸ ಇದೆ, ಕೈಯಲ್ಲಿ ಕಾಸಿದೆ. ಉಳಿದ ತಿಂಗಳುಗಳಿಗೆ ‘ಲಾಂತ್ರಕೂಪ್’ ಅಂತ ಹೆಸರು, ಎರಡು ಕಟಾವಿನ ನಡುವಿನ ಕಾಲ. ಕೂಲಿ ಕಡಿಮೆ, ಹಸಿವು ಮಾತ್ರ ಅಷ್ಟೇ. ಆ ತಿಂಗಳುಗಳನ್ನ ದಾಟಿಸ್ತಿದ್ದದ್ದು ಕಾರ್ನೆ. ಗಿರಾಕಿ ಪುಸ್ತಕ ತರ್ತಾನೆ, ಅಂಗಡಿಯವನು ಅದರಲ್ಲೂ ತನ್ನ ಲೆಕ್ಕದಲ್ಲೂ ಬರ್ಕೊಳ್ತಾನೆ, ಕೂಲಿ ಬಂದಾಗ ಒಂದಿಷ್ಟು ಜಮೆ ಆಗುತ್ತೆ. ಬಾಕಿ ಪೂರ್ತಿ ತೀರೋದು ಅಪರೂಪ. ಬಾಕಿ ಇರೋವರೆಗೆ ಗಿರಾಕಿ ಬೇರೆ ಅಂಗಡಿಗೆ ಹೋಗಲ್ಲ ಅನ್ನೋದು ಅಂಗಡಿಯವನಿಗೂ ಗೊತ್ತಿತ್ತು. ಇದನ್ನ ಬರೀ ದಯೆ ಅಂತ ಹೇಳಿದ್ರೂ ತಪ್ಪು, ಬರೀ ಸುಲಿಗೆ ಅಂದ್ರೂ ತಪ್ಪು. ಗಿರಾಕಿಯ ಹೊಟ್ಟೆ, ಅಂಗಡಿಯವನ ವ್ಯಾಪಾರ, ಎರಡೂ ಒಂದೇ ಹಗ್ಗಕ್ಕೆ ಕಟ್ಟಿದ್ವು.

ಯಾಕಂದ್ರೆ ಅಂಗಡಿಯವನೂ ಸಾಲಗಾರನೇ. ಪೋರ್ಟ್ ಲೂಯಿಯ ಸಗಟು ವ್ಯಾಪಾರಿ, ಎಷ್ಟೋ ಸಲ ಅವನ ಊರಿನವನೋ ಕುಲದವನೋ, ಅವನಿಗೆ ಸಾಮಾನು ಉದ್ರಿ ಕೊಡ್ತಿದ್ದ. ಹೊಸದಾಗಿ ಬಂದ ಹುಡುಗ ಮೊದಲು ಸಂಬಂಧಿಕರ ಅಂಗಡೀಲಿ ಆಳಾಗಿ ದುಡೀತಿದ್ದ. ಊಟ, ನಿದ್ದೆ ಎಲ್ಲ ಅಲ್ಲೇ. ಕ್ರಿಯೋಲ್ ಕಲಿತು, ಹಳ್ಳಿಯಲ್ಲಾದ್ರೆ ಭೋಜಪುರಿಯನ್ನೂ ಕಲಿತು, ಕೆಲವು ವರ್ಷ ಸಂಬಳ ಉಳಿಸಿ, ಇನ್ನೊಂದು ಊರಲ್ಲಿ ಉದ್ರಿ ಸಾಮಾನಿನ ಮೇಲೇ ಸ್ವಂತ ಅಂಗಡಿ ಇಡ್ತಿದ್ದ. ಈ ಸರಪಳಿ ಎಲ್ಲಿ ಕಡೀತಿತ್ತು? ಚಂಡಮಾರುತ ಬಂದಾಗ. 1960ರ ಫೆಬ್ರವರಿಯಲ್ಲಿ ‘ಕ್ಯಾರಲ್’ ಬಂದು ಕಬ್ಬನ್ನ ಮಲಗಿಸಿಬಿಟ್ಟಿತು. ಕಬ್ಬಿಲ್ಲದಿದ್ರೆ ಕಟಾವಿಲ್ಲ, ಕಟಾವಿಲ್ಲದಿದ್ರೆ ಕಾರ್ನೆಗೆ ಜಮೆ ಇಲ್ಲ, ಸಗಟಿನವನ ಬಾಕಿಯೂ ನಿಂತ ಹಾಗೆ.

ಅಂಗಡಿಯ ಒಳಗೆ ಒಮ್ಮೆ ಇಣುಕಿ ನೋಡಿ. ಅಕ್ಕಿಯ ಚೀಲಕ್ಕೆ ಕ್ರಿಯೋಲ್‌ನಲ್ಲಿ ‘ಗೂನಿ’, ನಮ್ಮ ಗೋಣಿಯೇ ಸಮುದ್ರ ದಾಟಿ ಹೋಗಿರೋದು. ಒಂದು ಬದಿಯಲ್ಲಿ ರಮ್ ಕುಡಿಯೋ ಜಾಗ. ಜೊತೆಗೆ ತಿನ್ನೋ ಕುರುಕಲಿಗೆ ‘ಗಜಾಕ್’ ಅಂತಾರೆ. ಸಿಗರೇಟು ಪ್ಯಾಕಿನ ಲೆಕ್ಕದಲ್ಲಿ ಅಲ್ಲ, ಒಂದೊಂದೇ. ಎಣ್ಣೆ ಆ ಹೊತ್ತಿನ ಒಗ್ಗರಣೆಗೆ ಬೇಕಾದಷ್ಟೇ. ದಿನಗೂಲಿ ಮನೆಗೆ ಹೊಂದೋ ಅಳತೆ ಇದು.

[ದೃಶ್ಯ: 25 ರೂಪಾಯಿಯ ಮಾರಿಷಸ್ ನೋಟು]

ಈ ನೋಟಿನ ಮೇಲಿರೋವ್ರು ಮೊಯ್ಲಿನ್ ಜಾಂ ಆ-ಚುಯೆನ್. ವ್ಯಾಪಾರಿಯಾಗಿದ್ದು ಮಂತ್ರಿಯೂ ಆದವರು. ಹೆಸರನ್ನ ಗಮನಿಸಿ. ‘ಆ’ ಅನ್ನೋದು ಚೀನೀಯರು ಸಲಿಗೆಯಿಂದ ಕರೆಯೋವಾಗ ಹೆಸರಿಗಿಂತ ಮೊದಲು ಸೇರಿಸೋ ಮಾತು. ಇಲ್ಲಿ ಅದು ಮನೆತನದ ಹೆಸರಿನಲ್ಲೇ ಸೇರಿಕೊಂಡಿದೆ. ಚೀನೀ ಪದ್ಧತಿಯಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಅಧಿಕಾರಿಗಳು ಅಜ್ಜನ ಇಡೀ ಹೆಸರನ್ನೇ ಮನೆತನದ ಹೆಸರು ಅಂತ ಬರ್ಕೊಂಡ್ರು. ಅದಕ್ಕೇ ಮಾರಿಷಸ್‌ನಲ್ಲಿ ‘ತ್ಸಾಂಗ್ ಮಾಂಗ್ ಕಿನ್’ ಥರದ ಮೂರು ತುಂಡಿನ ಮನೆತನಗಳು ಸಿಗ್ತವೆ. ಇನಿಶಿಯಲ್ ಇಟ್ಕೊಂಡು ವೀಸಾ ಅರ್ಜಿ ತುಂಬಿ, ಅಪ್ಪನ ಹೆಸರೋ ಊರ ಹೆಸರೋ ಸರ್‌ನೇಮ್ ಆಗಿಹೋದ ಕನ್ನಡಿಗರಿಗೆ ಇದು ಬೇಗ ಅರ್ಥ ಆಗುತ್ತೆ.

1949ರಲ್ಲಿ ಚೀನಾದಲ್ಲಿ ಕ್ರಾಂತಿ ಆಯ್ತು. ದುಡಿದು ಊರಿಗೆ ವಾಪಸ್ ಹೋಗೋ ಆಸೆ ಅಲ್ಲಿಗೆ ಬಹುಮಟ್ಟಿಗೆ ಮುಗೀತು. 1968ರ ಮಾರ್ಚ್ 12ಕ್ಕೆ ಮಾರಿಷಸ್ ಸ್ವತಂತ್ರ ಆಯ್ತು. ಹಿಂದಿನ ವರ್ಷದ ಚುನಾವಣೆಯಲ್ಲಿ ಸುಮಾರು 44% ಮತ ಸ್ವಾತಂತ್ರ್ಯದ ವಿರುದ್ಧ ಬಿದ್ದಿತ್ತು, ಅಷ್ಟು ಅಳುಕಿತ್ತು. ಅಲ್ಪಸಂಖ್ಯಾತರಿಗೆ ಧೈರ್ಯ ಕೊಡೋಕೆ ಸಂವಿಧಾನದಲ್ಲಿ ‘ಬೆಸ್ಟ್ ಲೂಸರ್’ ಅನ್ನೋ ಏರ್ಪಾಡಿದೆ: 62 ಜನ ಚುನಾಯಿತರ ಜೊತೆಗೆ, ಸೋತವರಲ್ಲಿ ಹೆಚ್ಚು ಮತ ಪಡೆದವರಿಂದ 8 ಜನರವರೆಗೆ, ಸಮುದಾಯದ ಸಮತೋಲನ ನೋಡಿ ಆರಿಸೋದು. ಹಿಂದೂ, ಮುಸ್ಲಿಂ, ಚೀನೀ, ‘ಸಾಮಾನ್ಯ ಜನತೆ’ (ಅಂದ್ರೆ ಉಳಿದವರೆಲ್ಲ) ಅಂತ ನಾಲ್ಕು ಗುಂಪು. ತೊಡಕು ಏನಂದ್ರೆ, ಈ ಲೆಕ್ಕಕ್ಕೆ ಆಧಾರ 1972ರ ಜನಗಣತಿ. ಆಮೇಲೆ ಸಮುದಾಯ ಯಾವುದು ಅಂತ ಗಣತಿಯಲ್ಲಿ ಕೇಳೋದನ್ನೇ ಬಿಟ್ರು. 1972ರಲ್ಲಿ ಚೀನೀಯರು ಸುಮಾರು 24 ಸಾವಿರ, ಒಟ್ಟು ಜನಸಂಖ್ಯೆಯ 3%ಗಿಂತ ಕಡಿಮೆ. ಎಷ್ಟೋ ಕುಟುಂಬಗಳು ಕೆನಡಾ, ಆಸ್ಟ್ರೇಲಿಯಾ ಸೇರಿದ ಮೇಲೂ ಕಾಗದದ ಮೇಲೆ ಅದೇ ಅಂಕಿ.

ಅಂಗಡಿ ಮುಚ್ಚೋಕೆ ಸೂಪರ್‌ಮಾರ್ಕೆಟ್ಟೇ ಕಾರಣ ಅಂತ ಎಲ್ಲರೂ ಹೇಳ್ತಾರೆ. ನಮ್ಮ ಪ್ರಕಾರ ಮೂಲ ಕಾರಣ ತಿಂಗಳ ಸಂಬಳ. 1970ರಲ್ಲಿ ರಫ್ತು ವಲಯದ ಕಾನೂನು ಬಂತು, ಅಂದ್ರೆ ರಫ್ತಿಗೆ ಮಾಲು ಮಾಡೋ ಕಾರ್ಖಾನೆಗಳಿಗೆ ರಿಯಾಯಿತಿ ಕೊಡೋ ಕಾನೂನು. ಆ ಯೋಚನೆ ಮುಂದಿಟ್ಟವರಲ್ಲಿ ಪ್ರಮುಖರು ಚೀನೀ ಮೂಲದವರೇ, ಪ್ರೊಫೆಸರ್ ಎದುವಾರ್ ಲಿಮ್ ಫಾಟ್. ಯುರೋಪಿಗೆ ಸುಂಕವಿಲ್ಲದೆ ಬಟ್ಟೆ ಕಳಿಸಬಹುದು ಅಂತ ಹಾಂಗ್‌ಕಾಂಗ್‌ನ ಬಂಡವಾಳವೂ ಬಂತು. ಹಳ್ಳಿಯ ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ಗೆ ಹೋದ್ರು, ಪ್ರತಿ ತಿಂಗಳೂ ಮನೆಗೆ ದುಡ್ಡು ತಂದ್ರು. ಲಾಂತ್ರಕೂಪ್‌ಗೆ ಮೊದಲಿನ ಬಿಗಿ ಉಳೀಲಿಲ್ಲ. ಕಾರ್ನೆಯ ಅಗತ್ಯವೂ ಸಡಿಲಾಯ್ತು. ಇತ್ತ ಅಂಗಡಿಯವನ ಮಕ್ಕಳು ಓದಿ ಡಾಕ್ಟರು, ಅಕೌಂಟೆಂಟು ಆದ್ರು. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆಯೋಕೆ ಯಾರೂ ಉಳೀಲಿಲ್ಲ.

[ದೃಶ್ಯ: ಪೋರ್ಟ್ ಲೂಯಿಯ ಚೈನಾಟೌನ್, ರಾಯಲ್ ರಸ್ತೆ, ಜುಮ್ಮಾ ಮಸೀದಿ; ಆಮೇಲೆ ಒಂದು ಬಟ್ಟಲು]

ಚೀನೀಯರ ಅಡುಗೆ ಮಾತ್ರ ದ್ವೀಪದವರೆಲ್ಲರದ್ದೂ ಆಗಿದೆ. ‘ಬೋಲ್ ರಾಂವೆರ್ಸೆ’, ಅಂದ್ರೆ ಮಗುಚಿದ ಬಟ್ಟಲು, ಯಾವ ಸಮುದಾಯದವರನ್ನ ಕೇಳಿದ್ರೂ ಗೊತ್ತು. ಒಬ್ಬರಿಗೆ 100 ಗ್ರಾಂ ಕೋಳಿಯ ತೆಳು ಹೋಳು, ಒಂದು ಹಿಡಿ ಎಲೆತರಕಾರಿ ಮತ್ತು ಕ್ಯಾರೆಟ್, ಒಂದೊಂದು ಚಮಚ ಸೋಯಾ ಸಾಸ್, ಆಯ್ಸ್ಟರ್ ಸಾಸ್. ಜೋರು ಉರಿಯಲ್ಲಿ ಹುರಿದು, ಒಂದು ಚಮಚ ಕಾರ್ನ್‌ಫ್ಲೋರ್ ಅನ್ನ ಅರ್ಧ ಲೋಟ ನೀರಲ್ಲಿ ಕದಡಿ ಹಾಕಿ ಗಟ್ಟಿ ಮಾಡಿ. ಸಸ್ಯಾಹಾರಿಗಳು ಕೋಳಿ ಬದಲು ಅಣಬೆ, ಆಯ್ಸ್ಟರ್ ಸಾಸ್ ಬದಲು ಅಣಬೆ ಸಾಸ್ ಹಾಕಿ. ಮೊಟ್ಟೆ ತಿನ್ನದಿದ್ರೆ ಅದನ್ನ ಬಿಟ್ರಾಯ್ತು. ಬಟ್ಟಲಿನ ತಳಕ್ಕೆ ಒಂದು ಬದಿ ಮಾತ್ರ ಕರಿದ ಮೊಟ್ಟೆ, ಹಳದಿ ಕೆಳಮುಖವಾಗಿ. ಅದರ ಮೇಲೆ ಪಲ್ಯ, ಮೇಲೆ ಬಿಸಿ ಅನ್ನ, ಅಂಚಿನವರೆಗೆ ಒತ್ತಿ. ತಟ್ಟೆ ಮುಚ್ಚಿ, ಒಂದೇ ಸಲಕ್ಕೆ ಮಗುಚಿ. ಕುಸಿದು ಬಿತ್ತು ಅಂದ್ರೆ ಪಲ್ಯದ ರಸ ತೆಳುವಾಗಿದೆ ಇಲ್ಲಾ ಅನ್ನ ಒತ್ತಿದ್ದು ಸಾಲ್ದು. ಹಳದಿ ಒಡೀತಂದ್ರೆ ಅನ್ನವನ್ನ ತೀರಾ ಜೋರಾಗಿ ಒತ್ತಿದೀರಿ. ಬಟ್ಟಲನ್ನ ತಕ್ಷಣ ಎತ್ತಬೇಡಿ. ಅರ್ಧ ನಿಮಿಷ ಬಿಟ್ಟು, ಮೆಲ್ಲಗೆ ನೇರಕ್ಕೆ ಎತ್ತಿ.