ಬೈಕಿನ ರೆಕ್ಕೆಗೆ ಬೇಕು ವೇಗ

ಕೇಳುಗರಿಗೆ ನಮಸ್ಕಾರ. ಬೈಕಿನ ಮೂತಿಯ ಎರಡೂ ಕಡೆ ಪುಟ್ಟ ರೆಕ್ಕೆ ಇರುವುದನ್ನು ಈಚೆಗೆ ನೀವು ನೋಡಿರುತ್ತೀರಿ. ವಿಂಗ್‌ಲೆಟ್ ಅಂತಾರೆ. ವಿಮಾನದ ರೆಕ್ಕೆಯನ್ನು ಮಗುಚಿ ಹಾಕಿದ ಹಾಗೆ, ಅಷ್ಟೇ. ವಿಮಾನದ್ದು ಗಾಳಿಯನ್ನು ಕೆಳಕ್ಕೆ ತಳ್ಳಿ ತಾನು ಮೇಲೇಳುತ್ತದೆ. ಇದು ಗಾಳಿಯನ್ನು ಮೇಲಕ್ಕೆ ತಳ್ಳಿ ಬೈಕನ್ನು ನೆಲಕ್ಕೆ ಒತ್ತುತ್ತದೆ. ಆ ಒತ್ತಡವೇ ಡೌನ್‌ಫೋರ್ಸ್.

ಒಂದು ಮಾತು ನೆನಪಿಡಿ: ರೆಕ್ಕೆಗೆ ವೇಗ ಬೇಕು. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ವೇಗ ಅರ್ಧವಾದರೆ ಒತ್ತಡ ಕಾಲು ಭಾಗ. ಡುಕಾಟಿಯ 2020ರ ಪನಿಗಾಲೆ ವಿ4 ಬೈಕಿನ ರೆಕ್ಕೆ ಗಂಟೆಗೆ 270 ಕಿಲೋಮೀಟರಿನಲ್ಲಿ 30 ಕೆಜಿ ಒತ್ತುತ್ತದೆ ಎಂದು ಕಂಪನಿ ಹೇಳಿತ್ತು. ಅದೇ ರೆಕ್ಕೆಗೆ 100ರಲ್ಲಿ ಲೆಕ್ಕ ಹಾಕಿ, 4 ಕೆಜಿ. 60ರಲ್ಲಿ ಒಂದೂವರೆ ಕೆಜಿ. ಟ್ಯಾಂಕಿನ ಮೇಲೆ ಈರುಳ್ಳಿ ಚೀಲ ಇಟ್ಟರೆ ಅದಕ್ಕಿಂತ ಭಾರ ಬೀಳುತ್ತದೆ!

ತಿರುವಿನಲ್ಲಿ ಬೈಕು ರೇಸ್ ಕಾರಿನ ಹಾಗೆ ನೆಲಕ್ಕೆ ಅಂಟಿಕೊಳ್ಳುತ್ತದೆಯೇ ಎಂದು ಕೇಳುತ್ತಾರೆ. ಇಲ್ಲ. ಕಾರು ಮಲಗುವುದಿಲ್ಲ, ಬೈಕು ಮಲಗುತ್ತದೆ. 60 ಡಿಗ್ರಿ ಮಲಗಿಸಿದರೆ ರೆಕ್ಕೆಯ ಒತ್ತಡದಲ್ಲಿ ನೆಲಕ್ಕೆ ಸಿಗುವುದು ಅರ್ಧ ಮಾತ್ರ. ಜೊತೆಗೆ ಅದು ಬೈಕನ್ನು ತಿರುವಿನ ಹೊರಗೆ ನೂಕುತ್ತದೆ. ನಿಜವಾದ ಲಾಭ ತಿರುವಿನಿಂದ ಹೊರಬಂದು ಆಕ್ಸಿಲರೇಟರ್ ತಿರುವಿದಾಗ. ಮುಂದಿನ ಚಕ್ರ ಏಳುತ್ತದೆ, ಎದ್ದರೆ ಎಲೆಕ್ಟ್ರಾನಿಕ್ಸ್ ಎಂಜಿನ್ನಿನ ಶಕ್ತಿಯನ್ನು ತಗ್ಗಿಸುತ್ತದೆ. ರೆಕ್ಕೆ ಚಕ್ರವನ್ನು ಒತ್ತಿ ಹಿಡಿದರೆ ಅಷ್ಟು ತಗ್ಗಿಸಬೇಕಾಗಿಲ್ಲ. ಅದೂ ವೇಗ ಇದ್ದರೆ, ಮತ್ತೆ ಹೇಳುತ್ತೇನೆ.

ಇದರಲ್ಲಿ ಒಂದು ಸ್ವಾರಸ್ಯದ ಪ್ರಸಂಗ ಇದೆ. ಬೈಕ್ ರೇಸಿನ ವಿಶ್ವ ಚಾಂಪಿಯನ್‌ಷಿಪ್ ಆದ ಮೋಟೋಜಿಪಿಯಲ್ಲಿ ಡುಕಾಟಿ 2015ರಲ್ಲಿ ರೆಕ್ಕೆ ಕಟ್ಟಿತು, 2016ರಲ್ಲಿ ಉಳಿದವರೂ ಕಟ್ಟಿದರು. ಚಾಚಿದ ರೆಕ್ಕೆ ಸವಾರರಿಗೆ ತಾಗೀತು ಎಂದು 2017ರಿಂದ ನಿಷೇಧ ಬಂತು. ಡುಕಾಟಿಯವರು ಸುಮ್ಮನಾಗಲಿಲ್ಲ, ರೆಕ್ಕೆಯನ್ನು ಫೇರಿಂಗಿನ, ಅಂದರೆ ಬೈಕಿನ ಹೊರಕವಚದ, ಒಳಗೇ ಅಡಗಿಸಿ, ಗಾಳಿ ಹಾಯುವ ಪೆಟ್ಟಿಗೆಯಂತೆ ಮಾಡಿಕೊಂಡರು. ಆಮೇಲೆ 2019ರ ಮಾರ್ಚ್ 10, ಕತಾರ್. ಹಿಂದಿನ ಚಕ್ರದ ಮುಂದೆ, ಆ ಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್ ಆರ್ಮಿನ ಅಡಿಗೆ ಸೌಟಿನಂಥ ಒಂದು ತುಂಡು ಕಟ್ಟಿಕೊಂಡು ಬಂದರು. ಡುಕಾಟಿಯ ಸವಾರ ಡೊವಿಜಿಯೊಸೊ ಹೋಂಡಾದ ಮಾರ್ಕೆಜ್‌ಗಿಂತ 0.023 ಸೆಕೆಂಡ್ ಮುಂದೆ ಗೆದ್ದ. ಕಣ್ಣು ಮಿಟುಕಿಸುವಷ್ಟೂ ಅಲ್ಲ! ಹೋಂಡಾ, ಸುಜುಕಿ, ಕೆಟಿಎಂ, ಅಪ್ರಿಲಿಯಾ ನಾಲ್ಕೂ ತಂಡದವರು ದೂರು ಕೊಟ್ಟರು: ಇದು ಡೌನ್‌ಫೋರ್ಸಿಗೇ, ನಿಯಮಕ್ಕೆ ವಿರುದ್ಧ. ಡುಕಾಟಿಯ ಉತ್ತರ: ಛೆ, ಟೈರು ತಣ್ಣಗಿರಲಿ ಅಂತ. ಸ್ವಿಂಗ್ ಆರ್ಮಿಗೆ ಕಟ್ಟಿದ್ದರ ಒತ್ತಡ ಸ್ಪ್ರಿಂಗಿನ ಮೂಲಕ ಹೋಗದೆ ನೇರ ಚಕ್ರಕ್ಕೇ ಬೀಳುತ್ತದೆ, ಜಗಳ ಅದಕ್ಕೇ. ಮೋಟೋಜಿಪಿಯ ಮೇಲ್ಮನವಿ ನ್ಯಾಯಾಲಯ ಮಾರ್ಚ್ 26ಕ್ಕೆ ಡುಕಾಟಿಯ ಪರ ತೀರ್ಪು ಕೊಟ್ಟಿತು. ದೂರು ಕೊಟ್ಟವರೇನು ಮಾಡಿದರು? ಹೋಂಡಾ ಅದೇ ವರ್ಷ ತಾನೂ ಒಂದು ಸೌಟು ಕಟ್ಟಿಕೊಂಡಿತು.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ರೆಕ್ಕೆ ಗಾಳಿಯನ್ನೂ ತಡೆಯುತ್ತದೆ, ತುದಿವೇಗ ಇಳಿಯುತ್ತದೆ. ಹಿಂದೆ ಬರುವವನಿಗೆ ಸಿಗುವುದು ಕದಡಿದ ಬಿಸಿ ಗಾಳಿ. ಅವನ ಮುಂದಿನ ಟೈರು ಬಿಸಿಯಾಗುತ್ತದೆ, ಒಳಗಿನ ಒತ್ತಡ ಏರುತ್ತದೆ, ಹಿಡಿತ ಹೋಗುತ್ತದೆ. ಅದಕ್ಕೇ ಮೋಟೋಜಿಪಿಯಲ್ಲಿ 2027ರಿಂದ ಬೈಕಿನ ಮೂತಿಯ ಅಗಲ 50 ಮಿಲಿಮೀಟರ್ ಕಡಿಮೆ.

ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ರೆಕ್ಕೆ ತಂದು ಡಬಲ್ ಟೇಪಿನಲ್ಲಿ ಅಂಟಿಸುವವರಿಗೆ ಏನು ಹೇಳಲಿ? ಹೊಸೂರಿನ ಟಿವಿಎಸ್ ತನ್ನ 2024ರ ಅಪಾಚೆ ಆರ್‌ಆರ್ 310ಕ್ಕೆ ಹೇಳಿಕೊಂಡದ್ದೇ 3 ಕೆಜಿ. ಅದು ಕಾರ್ಖಾನೆಯಲ್ಲಿ ಅಳೆದು ಮಾಡಿದ್ದು. ಅಂಟಿಸಿದ್ದು ಬಿಸಿಲಿಗೆ ಸಡಿಲವಾಗಿ ಒಂದು ಕಡೆಯದು ಕಿತ್ತು ಹಾರುತ್ತದೆ, ಹಿಂದಿನವನ ಮುಖಕ್ಕೆ. ಹ್ಯಾಂಡಲ್ ಜೊತೆ ತಿರುಗುವ ಹೆಡ್‌ಲೈಟ್ ಕವರಿಗಂತೂ ಅಂಟಿಸಲೇಬೇಡಿ, ಅಡ್ಡಗಾಳಿಗೆ ಹ್ಯಾಂಡಲ್ ಎಳೆಯುತ್ತದೆ. ಮುಂದಿನ ಚಕ್ರಕ್ಕೆ ಹಿಡಿತ ಬೇಕೇ? ಬೆಳಿಗ್ಗೆ ಟೈರ್ ತಣ್ಣಗಿರುವಾಗ ಗಾಳಿ ನೋಡಿಸಿ, ಬೈಕಿನ ಸ್ಟಿಕ್ಕರಿನಲ್ಲಿ ಬರೆದಷ್ಟೇ ಹಾಕಿಸಿ. ನಮಸ್ಕಾರ.