ಬೀಗದ ಕೈ ಗೊಂಚಲು

ನಮಸ್ಕಾರ, ಕೇಳುಗರೇ. ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡು ಕೂತವರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳೇ ಹೆಚ್ಚು ಅಂದುಕೊಂಡು ಮಾತಾಡುತ್ತೇನೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಒಂದು ಪಟ್ಟಿ ಇರುತ್ತದೆ. ಸಿಲೋನ್ 1948, ಘಾನಾ 1957, ನೈಜೀರಿಯಾ 1960, ಮಾರಿಷಸ್ 1968. ಎಡಕ್ಕೆ ದೇಶ, ಬಲಕ್ಕೆ ಬ್ರಿಟಿಷರಿಂದ ಸ್ವಾತಂತ್ರ್ಯ ಸಿಕ್ಕ ಇಸವಿ. ದಯವಿಟ್ಟು ಅದನ್ನು ಸ್ವಲ್ಪ ಹೊತ್ತು ಮುಚ್ಚಿಡಿ.

ಬ್ರಿಟಿಷರು ವಸಾಹತುಗಳನ್ನು ಬಿಟ್ಟುಕೊಟ್ಟದ್ದು ಹಳೇ ಕಾಲದ ಅತ್ತೆ ಸೊಸೆಗೆ ಬೀಗದ ಕೈ ಕೊಟ್ಟ ಹಾಗೆ. ಗೊಂಚಲು ಒಟ್ಟಿಗೆ ಕೈಗೆ ಬರುವುದಿಲ್ಲ. ಮೊದಲು ಅಡುಗೆಮನೆಯದು, ಆಮೇಲೆ ಉಗ್ರಾಣದ್ದು, ತಿಜೋರಿಯದು ಕೊನೆಗೆ. ಅಡುಗೆಮನೆ ಅಂದರೆ ಶಾಲೆ, ಆಸ್ಪತ್ರೆ, ರಸ್ತೆ. ಉಗ್ರಾಣ ಹಣಕಾಸು. ತಿಜೋರಿಯೊಳಗೆ ಪೊಲೀಸು, ಸೈನ್ಯ, ವಿದೇಶಾಂಗ. ಇಷ್ಟೂ ಬಂದ ಮೇಲೂ ಅತ್ತೆಯ ಸೊಂಟದಲ್ಲಿ ಎರಡು ಸಣ್ಣ ಕೀಲಿ ಉಳಿದಿರುತ್ತವೆ. ಒಂದು, ಸಂವಿಧಾನ ತಿದ್ದುವ ಅಧಿಕಾರ. ಇನ್ನೊಂದು, ಕೊನೆಯ ಮೇಲ್ಮನವಿ ಕೇಳುವ ನ್ಯಾಯಾಲಯ. ಹಾಗಾಗಿ ಯಾವ ದೇಶವೇ ಆಗಲಿ, ಎಂದು ಸ್ವತಂತ್ರವಾಯಿತು ಅಂತ ಕೇಳಬೇಡಿ. ಯಾವ ಕೀಲಿ ಎಂದು ಬಂತು ಅಂತ ಕೇಳಿ.

ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್ ನೋಡಿ, ಇಂದಿನ ಘಾನಾ. ಎರಡನೇ ಮಹಾಯುದ್ಧದಲ್ಲಿ ಅಲ್ಲಿನ ಸೈನಿಕರು ಬರ್ಮಾದ ಕಾಡಿನಲ್ಲಿ ಜಪಾನೀಯರ ವಿರುದ್ಧ ಹೋರಾಡಿ ಊರಿಗೆ ಮರಳಿದರು. 1948ರ ಫೆಬ್ರವರಿ 28ರಂದು ಆ ಮಾಜಿ ಸೈನಿಕರು ಅಕ್ರಾ ನಗರದಲ್ಲಿ ಗವರ್ನರ್‌ಗೆ ಮನವಿ ಕೊಡಲು ಮೆರವಣಿಗೆ ಹೊರಟರು. ಪೊಲೀಸರು ಅಡ್ಡಗಟ್ಟಿದರು, ಗುಂಡು ಹಾರಿತು, ಮೂವರು ಸತ್ತರು. ಊರಿಗೆ ಊರೇ ಹೊತ್ತಿಕೊಂಡಿತು. ಆಮೇಲೆ ಸಮಿತಿಯ ಮೇಲೆ ಸಮಿತಿ ಕೂತು ಹೊಸ ಸಂವಿಧಾನ ಬಂತು. ಮಂತ್ರಿಮಂಡಲದಲ್ಲಿ ಎಂಟು ಮಂದಿ ಆಫ್ರಿಕನ್ನರು. ಆದರೆ ಹಣಕಾಸು, ನ್ಯಾಯ, ರಕ್ಷಣೆ ಮತ್ತು ವಿದೇಶಾಂಗ ಮೂವರು ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿ. ಅಡುಗೆಮನೆಯ ಕೀಲಿ ಮಾತ್ರ ಬಂತು, ತಿಳಿಯಿತಲ್ಲ?

ಇದಕ್ಕೆ ಒಪ್ಪದೆ ಚಳವಳಿ ಹೂಡಿದವರು ಕ್ವಾಮೆ ನಕ್ರುಮಾ. 1950ರಲ್ಲಿ ಅವರನ್ನು ಜೇಮ್ಸ್ ಫೋರ್ಟ್ ಜೈಲಿಗೆ ತಳ್ಳಿದರು. ಮುಂದಿನ ವರ್ಷವೇ ಚುನಾವಣೆ. ಒಂದು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಾದವರು ನಿಲ್ಲುವಂತಿಲ್ಲ ಅನ್ನುವ ನಿಯಮ. ನಕ್ರುಮಾ ಅವರಿಗೆ ಆದದ್ದು ಒಟ್ಟು ಮೂರು ವರ್ಷ. ಆದರೆ ಅದು ಒಂದೊಂದು ವರ್ಷದ ಮೂರು ಬೇರೆ ಬೇರೆ ಶಿಕ್ಷೆ! ಆ ಸಂದಿನಲ್ಲೇ ನುಸುಳಿ ಜೈಲಿನೊಳಗಿಂದಲೇ ಅಭ್ಯರ್ಥಿಯಾದರು. ಹೊರಗೆ ಪ್ರಚಾರ ನಡೆಸುತ್ತಿದ್ದ ಗೆಳೆಯ ಬೆಡೆಮಾ ಅವರಿಗೆ ಶೌಚದ ಕಾಗದದ ಚೂರುಗಳಲ್ಲಿ ಸೂಚನೆ ಬರೆದು ಕಳ್ಳತನದಲ್ಲಿ ದಾಟಿಸುತ್ತಿದ್ದರು. 1951ರ ಫೆಬ್ರವರಿ 8ರಂದು ಮತದಾನ. ಅಕ್ರಾ ಕ್ಷೇತ್ರದಲ್ಲಿ ಬಿದ್ದ 23,122 ಮತಗಳಲ್ಲಿ ಅವರಿಗೆ 22,780. ಗವರ್ನರ್ ಆರ್ಡೆನ್ ಕ್ಲಾರ್ಕ್ ಅವರ ಪಾಡು ಯೋಚಿಸಿ. ತನ್ನದೇ ಕೈದಿ, ತನ್ನದೇ ಚುನಾವಣೆ. 12ರಂದು ಜೈಲಿನ ಬಾಗಿಲು ತೆರೆಸಿದರು, ಮರುದಿನ ಕರೆದು ಸರ್ಕಾರ ರಚಿಸಿ ಅಂದರು. ಪದವಿಯ ಹೆಸರು ‘ಸರ್ಕಾರಿ ಕಲಾಪಗಳ ನಾಯಕ’. ಪ್ರಧಾನಿ ಅನ್ನುವ ಹೆಸರು ಸಿಕ್ಕಿದ್ದು 1952ಕ್ಕೆ.

1954ಕ್ಕೆ ಉಗ್ರಾಣದ ಕೀಲಿ ಬಂತು. ಅದೇ ಬೆಡೆಮಾ ಹಣಕಾಸು ಮಂತ್ರಿ. ಆಗಲೂ ಪೊಲೀಸು, ರಕ್ಷಣೆ, ವಿದೇಶಾಂಗ ಗವರ್ನರ್ ಹತ್ತಿರವೇ. 1956ರಲ್ಲಿ ಲಂಡನ್ ಇನ್ನೊಂದು ಚುನಾವಣೆ ಗೆದ್ದು ತೋರಿಸಿ ಅಂದಿತು. ಅದರಲ್ಲೂ ನಕ್ರುಮಾ ಅವರ ಪಕ್ಷಕ್ಕೆ 104ರಲ್ಲಿ 71 ಸ್ಥಾನ. ಆಮೇಲೆ ಲಂಡನ್ ಸಂಸತ್ತು ಕಾಯ್ದೆ ಮಾಡಿ, 1957ರ ಮಾರ್ಚ್ 6ರ ನಡುರಾತ್ರಿ ಬಾವುಟ ಇಳಿಯಿತು. ನಿಮ್ಮ ಪಟ್ಟಿಯಲ್ಲಿರುವುದು ಈ ಒಂದು ರಾತ್ರಿ. ಮರುದಿನವೂ ಅಲ್ಲಿನ ರಾಣಿ ಎಲಿಜಬೆತ್ ಅವರೇ, ಆಕೆಯ ಹೆಸರಿನಲ್ಲಿ ಒಬ್ಬ ಗವರ್ನರ್ ಜನರಲ್ಲೂ ಇದ್ದರು. ಗಣರಾಜ್ಯವಾದದ್ದು 1960ರ ಜುಲೈ 1ಕ್ಕೆ.

ಘಾನಾದಲ್ಲೇ ಹೆಚ್ಚು ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ. ನಮ್ಮ ಲೆಕ್ಕವೂ ಇಷ್ಟೇ. 1947ರ ಆಗಸ್ಟ್ 15ರಿಂದ 1950ರ ಜನವರಿ 26ರವರೆಗೆ ಆರನೇ ಜಾರ್ಜ್ ನಮ್ಮ ದೊರೆ. ಕೊನೆಯ ಮೇಲ್ಮನವಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಗುವುದು ನಿಂತದ್ದು 1949ರಲ್ಲಿ. ಮೈಸೂರಿನವರಿಗೆ ‘ಮೈಸೂರು ಚಲೋ’ ಚಳವಳಿ ಮಾಡಿದ ಮೇಲೆ, 1947ರ ಅಕ್ಟೋಬರ್‌ನಲ್ಲಿ, ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಸಿಕ್ಕಿತು. ಕಲಬುರಗಿ, ಬೀದರ್, ರಾಯಚೂರಿನ ಕೇಳುಗರಿಗೆ ನಾನು ಹೇಳಬೇಕೇ? ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾದ ನಿಮ್ಮ ತಾರೀಖು 1948ರ ಸೆಪ್ಟೆಂಬರ್ 17.

ಕೆನಡಾ ಇನ್ನೂ ತಮಾಷೆ. 1867ರಿಂದ ಅಲ್ಲಿ ಸ್ವಂತ ಸರ್ಕಾರ, 1931ರಿಂದ ಸ್ವಂತವಾಗಿ ಕಾನೂನು ಮಾಡುವ ಹಕ್ಕು. ಆದರೂ 1982ರವರೆಗೆ ತಮ್ಮ ಸಂವಿಧಾನದ ಮುಖ್ಯ ಭಾಗ ತಿದ್ದಲು ಲಂಡನ್ ಸಂಸತ್ತಿಗೇ ಹೋಗಬೇಕಿತ್ತು. ಬ್ರಿಟಿಷರು ಹಟ ಹಿಡಿದರು ಅಂತ ಬರೆದೀರಿ, ತಪ್ಪು. ತಿದ್ದುವ ಕ್ರಮ ಹೇಗಿರಬೇಕು ಅಂತ ಕೆನಡಾದ ಪ್ರಾಂತ್ಯಗಳಿಗೂ ಕೇಂದ್ರಕ್ಕೂ ಒಮ್ಮತವೇ ಆಗಲಿಲ್ಲ.

ರೊಡೇಷಿಯಾದಲ್ಲಿ ಕೀಲಿ ಹೋದದ್ದೇ ತಪ್ಪು ಕೈಗೆ. 1923ರಲ್ಲಿ ಒಳಾಡಳಿತವನ್ನು ಬೆರಳೆಣಿಕೆಯ ಬಿಳಿ ವಲಸಿಗರಿಗೆ ಕೊಟ್ಟರು. ಬಹುಸಂಖ್ಯಾತ ಆಫ್ರಿಕನ್ನರಿಗೆ ಮತದ ಬಲ ಕೊಡುವ ಮಾತು ಬಂದಾಗ ಆ ವಲಸಿಗರೇ 1965ರಲ್ಲಿ ತಾವು ಸ್ವತಂತ್ರರು ಅಂತ ಘೋಷಿಸಿಕೊಂಡರು. ಯುದ್ಧ ಮುಗಿದು ಜಿಂಬಾಬ್ವೆ ಆಗುವಷ್ಟರಲ್ಲಿ 1980 ಬಂದಿತ್ತು. ಸೈಪ್ರಸ್‌ಗೆ 1960ರಲ್ಲಿ ಸ್ವಾತಂತ್ರ್ಯ ಸಿಕ್ಕಿತು, ಆದರೆ ಆ ದ್ವೀಪದ ಎರಡು ಸೇನಾ ನೆಲೆಗಳು ಇಂದಿಗೂ ಬ್ರಿಟನ್ನಿನ ನೆಲ.

ಈಗ ನೋಟ್‌ಬುಕ್ ತೆಗೆಯಿರಿ, ಮಾರಿಷಸ್ ಸಾಲಿಗೆ ಬನ್ನಿ. 1968ರ ಎಡಕ್ಕೆ 1965 ಅಂತ ಬರೆಯಿರಿ. ಮನೆ ಬಿಟ್ಟುಕೊಡುವ ಮೊದಲೇ ಬ್ರಿಟನ್ ಹಿತ್ತಲನ್ನು, ಅಂದರೆ ಚಾಗೋಸ್ ದ್ವೀಪಗಳನ್ನು, ಬೇರ್ಪಡಿಸಿಕೊಂಡ ವರ್ಷ ಅದು. ವಸಾಹತು ಬಿಡುಗಡೆ ಕಾನೂನುಬದ್ಧವಾಗಿ ಪೂರ್ತಿ ಆಗಲೇ ಇಲ್ಲ ಅಂತ 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು. 1968ರ ಬಲಕ್ಕೆ 1992, ಗಣರಾಜ್ಯವಾದ ವರ್ಷ. ಅದರ ಪಕ್ಕ ‘ಕೊನೆಯ ನ್ಯಾಯಾಲಯ’ ಅಂತ ಬರೆದು ಇಸವಿಯ ಜಾಗ ಖಾಲಿ ಬಿಡಿ. ಮಾರಿಷಸ್ಸಿನ ಕೊನೆಯ ಮೇಲ್ಮನವಿ ಇವತ್ತಿಗೂ ಲಂಡನ್ನಿಗೇ ಹೋಗುತ್ತದೆ. ನಮಸ್ಕಾರ.